ಅಪ್ಪನದು ಸ್ಟೇಷನ್, ಮಗನದು ಟಾಕೀಸು!

ಮುಂಬೈಗೆ ಹೋದ ನಮ್ಮ ಹುಡುಗರು ಮೊದಲು ಮಾಡೋ ಕೆಲಸ ಏನು ಹೇಳಿ? ಗೇಟ್‌ವೇ ಮುಂದೆ ಕೂಲಿಂಗ್ ಗ್ಲಾಸ್ ಏರಿಸಿ ಒಂದು ಪೋಸು! ಕೊಡಿ, ಬೇಡ ಅಂದವರ್ಯಾರು? ಆದರೆ 1924ರಲ್ಲಿ ಮುಗಿದ ಆ ಕಮಾನು ಸಮುದ್ರದ ಕಡೆ, ಅಂದರೆ ಪೂರ್ವಕ್ಕೆ ಮುಖ ಮಾಡಿದೆ. ಬೆಳಗಿನ ಬಿಸಿಲಲ್ಲಿ ದೋಣಿಯಿಂದ ಕ್ಲಿಕ್ಕಿಸಿ, ಆ ಹಳದಿ ಕಲ್ಲಿನ ಠೀವಿಯೇ ಬೇರೆ!

ವಿ.ಟಿ. ಸ್ಟೇಷನ್, ಅಂದರೆ ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಪಶ್ಚಿಮಕ್ಕೆ ತಿರುಗಿದೆ. ಅದಕ್ಕೆ ಸಂಜೆ ಬಿಸಿಲೇ ಸರಿ. ಹತ್ತಿರ ನಿಂತು ಕ್ಯಾಮೆರಾ ಮೇಲೆತ್ತಿದರೆ ಗೋಪುರ ಹಿಂದಕ್ಕೆ ವಾಲಿದ ಹಾಗೆ ಕಾಣುತ್ತೆ. ರಸ್ತೆ ದಾಟಿ ಎದುರಿನಿಂದ ತೆಗೀರಿ.

ಈ ಸ್ಟೇಷನ್ನಿನ ನಕ್ಷೆ ಬರೆದವರು ಎಫ್.ಡಬ್ಲ್ಯು. ಸ್ಟೀವನ್ಸ್. ಅವರ ಮಗ ಚಾರ್ಲ್ಸ್ ಬರೆದ ನಕ್ಷೆ ಯಾವುದು ಗೊತ್ತೇ? ಗೇಟ್‌ವೇಗೆ ನಡೆದೇ ಹೋಗುವಷ್ಟು ದೂರದಲ್ಲಿರೋ ರೀಗಲ್ ಟಾಕೀಸು! 1933ರಲ್ಲಿ ಅಲ್ಲಿ ಮೊದಲು ತೆರೆಕಂಡದ್ದು ಲಾರೆಲ್-ಹಾರ್ಡಿ ಚಿತ್ರ. ಚರ್ಚ್‌ಗೇಟ್ ಸ್ಟೇಷನ್ ಎದುರು 1938ರ ಈರೋಸ್ ಕೂಡ ಇದೆ.

ನಮ್ಮ ಬೆಂಗಳೂರಿನ ಕಪಾಲಿ ನೆಲಸಮವಾಗಿ ಹೋಯ್ತು. ಅಲ್ಲಿ ಕ್ಯೂ ನಿಂತು ಶಿಳ್ಳೆ ಹೊಡೆದವರಲ್ಲಿ ಎಷ್ಟು ಜನರ ಹತ್ತಿರ ಆ ಕಟ್ಟಡದ ಫೋಟೋ ಇದೆ? ಹೀರೋ ಕಟೌಟಿಗೆ ತಿರುಗೋ ಕ್ಯಾಮೆರಾ ಒಮ್ಮೆ ಟಾಕೀಸಿನ ಗೋಡೆಗೂ ತಿರುಗಲಿ ಮಿತ್ರರೇ. ಕಟೌಟು ಮುಂದಿನ ಶುಕ್ರವಾರ ಮತ್ತೆ ಏಳುತ್ತೆ, ಗೋಡೆ ಏಳಲ್ಲ!