ನೋಡಿ ಬರೆಯುವ ಪಾಠ

ಪ್ರೌಢಶಾಲೆಯ ಮಕ್ಕಳಿಗೆ ಪ್ರಬಂಧ ಬರೆಯಲು ಹೇಳಿದರೆ ಏನಾಗುತ್ತದೆಂಬುದು ತಮಗೆ ತಿಳಿದದ್ದೇ. ‘ಮಳೆಗಾಲದ ಒಂದು ದಿನ’ ಎಂದು ವಿಷಯ ಕೊಟ್ಟರೆ ನಲವತ್ತು ಪುಸ್ತಕಗಳಲ್ಲಿಯೂ ಒಂದೇ ಮಳೆ ಸುರಿಯುತ್ತದೆ. ಮಕ್ಕಳಲ್ಲಿ ಕಲ್ಪನೆಯಿಲ್ಲವೆಂದಲ್ಲ; ಅದು ಕಾಲೂರಿ ನಿಲ್ಲಲು ನಾವು ನೆಲ ಕೊಟ್ಟಿಲ್ಲ. ಇತ್ತ ಚಿತ್ರಕಲೆಯ ತರಗತಿಯಲ್ಲಿ ಬಣ್ಣ ಹಾಕುವುದನ್ನು ಕಲಿಸುತ್ತೇವೆ. ಹಿಂದಿನವರು ಮಾಡಿಟ್ಟದ್ದನ್ನು ನೋಡಲು ಕಲಿಸುವುದು ಕಡಮೆ. ಈ ಎರಡು ಕೊರತೆಗಳನ್ನೂ ಒಟ್ಟಿಗೆ ನೀಗುವ ದಾರಿಯೊಂದಿದೆ. ಕಲೆಯ ಇತಿಹಾಸವನ್ನೂ ಸ್ವತಂತ್ರ ಬರವಣಿಗೆಯನ್ನೂ ಒಂದೇ ಪಾಠದಲ್ಲಿ ಕೂಡಿಸುವುದೇ ಆ ದಾರಿ.

ಇದು ತೀರ ಹೊಸದೇನಲ್ಲ. ಕಂಡದ್ದನ್ನು ಕೇಳುವವರ ಕಣ್ಣಿಗೆ ಕಟ್ಟುವಂತೆ ಹೇಳುವುದು ಪ್ರಾಚೀನ ಗ್ರೀಕರ ಪಾಠಶಾಲೆಗಳಲ್ಲಿ ಒಂದು ಅಭ್ಯಾಸವಾಗಿತ್ತು. ನಮ್ಮ ಮಹಾಕಾವ್ಯಗಳ ಅಷ್ಟಾದಶ ವರ್ಣನೆಗಳೂ ಅದೇ ಜಾಣ್ಮೆಯನ್ನು ಬೇಡಿದವು. ಬಾನುಲಿಯ ಮುಂದೆ ಕೂಡುವ ನಮಗಂತೂ ಮಾತೇ ಚಿತ್ರವಾಗಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಭಾರತೀಯ ಚಿತ್ರಕಲೆ’ಯನ್ನು ಬರೆದ ಶಿವರಾಮ ಕಾರಂತರೇ ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನೂ ಬರೆದರು, ಪುತ್ತೂರಿನ ಬಾಲವನದಲ್ಲಿ ಶಿಕ್ಷಣದ ಪ್ರಯೋಗಗಳನ್ನೂ ನಡೆಸಿದರು. ಕಲೆ, ಮಾತು, ಮಗು ಇವು ಬೇರೆ ಬೇರೆ ಇಲಾಖೆಗಳಲ್ಲವೆಂದು ಈ ಜಿಲ್ಲೆಗೆ ಹೊಸದಾಗಿ ಹೇಳಬೇಕಾಗಿಲ್ಲ.

ನೇತ್ರಾವತಿಯ ತೆಂಕಣ ದಡದ ಉಳ್ಳಾಲದಲ್ಲಿ ಒಬ್ಬ ಉಪಾಧ್ಯಾಯರು ಈ ಪಾಠವನ್ನು ಮಾಡುವರೆಂದು ಇಟ್ಟುಕೊಳ್ಳೋಣ. ಆ ಊರಿನಲ್ಲಿ ರಾಣಿ ಅಬ್ಬಕ್ಕನ ಪ್ರತಿಮೆಯಿದೆ. 16ನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ವೀರರಾಣಿಯೆಂದು ನೆನೆದು, ಆಕೆಯನ್ನು ಎಂದೂ ಕಾಣದ ನಮ್ಮ ಕಾಲದವರು ಮಾಡಿದ ಪ್ರತಿಮೆ ಅದು. ಇನ್ನೊಂದು ಚಿತ್ರವೂ ಉಂಟು, ಅದು ಮಾತಿನದು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಮಣೇಲಿನಲ್ಲಿ ಉಳ್ಳಾಲದ ರಾಣಿಯನ್ನು ಕಂಡು ಬರೆದಿಟ್ಟ. ರಾಣಿ ಬರಿಗಾಲಲ್ಲಿ, ಸಾದಾ ಬಟ್ಟೆಯಲ್ಲಿ, ನೀರಿಗಾಗಿ ತಾನು ತೋಡಿಸುತ್ತಿದ್ದ ಕಾಲುವೆಗಳನ್ನು ನೋಡಲು ಹೊರಟಿದ್ದಳು. ತಲೆಯ ಮೇಲೆ ಎಲೆಯ ಕೊಡೆ ಹಿಡಿದಿದ್ದರು. ವೇಷ ರಾಣಿಯದಲ್ಲವಾದರೂ ಮಾತು ರಾಣಿಯದೇ ಎಂದು ಆತ ಮೆಚ್ಚಿದ.

ಈಗ ಮಕ್ಕಳ ಮುಂದೆ ಎರಡು ಚಿತ್ರಗಳಾದವು. ಒಂದೇ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚಿದ್ದರೆನ್ನುವ ಇತಿಹಾಸಕಾರರ ಮಾತನ್ನೂ ಉಪಾಧ್ಯಾಯರು ಮರೆಮಾಚದೆ ಹೇಳಲಿ. ಬಳಿಕ, ಕಾಲುವೆ ತೋಡುತ್ತಿದ್ದ ಆಳೊಬ್ಬ ಅಂದು ಸಂಜೆ ಮನೆಯಲ್ಲಿ ಏನು ಹೇಳಿದನೆಂದು ಬರೆಯಿಸಲಿ. ಮಗು ಊಹಿಸುತ್ತದೆ, ಆದರೆ ಮನಸ್ಸಿಗೆ ಬಂದಂತಲ್ಲ; ಬರಿಗಾಲಿನ ರಾಣಿಗೆ ಚಿನ್ನದ ಪಾದುಕೆ ತೊಡಿಸಿದರೆ ಪಕ್ಕದ ಹುಡುಗಿಯೇ ತಡೆಯುತ್ತಾಳೆ.

ಉಳ್ಳಾಲವನ್ನಾಳಿದ ಚೌಟರ ಅರಮನೆ ಮೂಡುಬಿದಿರೆಯಲ್ಲಿದೆ. ಅಲ್ಲಿಯ ಮರದ ಕೆತ್ತನೆಯಲ್ಲಿ ಒಂಬತ್ತು ಸ್ತ್ರೀಯರು ಹೆಣೆದುಕೊಂಡು ಒಂದು ಆನೆಯಾಗಿರುವ ‘ನವನಾರೀ ಕುಂಜರ’ವೂ, ಐವರು ಸೇರಿ ಕುದುರೆಯಾಗಿರುವ ‘ಪಂಚನಾರೀ ತುರಗ’ವೂ ಉಂಟು. ಇಂಥ ಕಲ್ಪನೆ ರಾಜಸ್ಥಾನ, ಒಡಿಶಾಗಳ ಚಿತ್ರಗಳಲ್ಲಿಯೂ ಇದೆಯೆಂದು ಹೇಳಿ, ಒಂಬತ್ತರಲ್ಲಿ ಒಬ್ಬಳ ಬಾಯಿಂದ ಕತೆ ಹೇಳಿಸಿರಿ. ಯಾರ ಕೈ ಎಲ್ಲಿದೆ, ಯಾರ ಮೇಲೆ ಯಾರ ಭಾರವಿದೆಯೆಂದು ಮಗು ಆಗ ಹತ್ತು ಸಲ ನೋಡಲೇಬೇಕಾಗುತ್ತದೆ.

ಹೊಳೆ ದಾಟಿ ಮಂಗಳೂರಿಗೆ ಬಂದರೆ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್. ಇಟಲಿಯ ಅಂತೋನಿಯೊ ಮೊಸ್ಕೇನಿ 1899ರಲ್ಲಿ ಅಲ್ಲಿ ಚಿತ್ರ ಬರೆಯತೊಡಗಿದರು. ಗೋಡೆಯ ಚಿತ್ರಗಳು ಹಸಿ ಗಾರೆಯ ಮೇಲಿನವು. ಸುಣ್ಣ ಒಣಗುವಾಗ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಆದ್ದರಿಂದ ಒಂದು ದಿನಕ್ಕೆ ಬರೆಯಬಹುದಾದಷ್ಟೇ ಗಾರೆ ಬಳಿಯಬೇಕು, ತಪ್ಪಿದರೆ ಕೆತ್ತಿ ತೆಗೆಯಬೇಕು. ಇದನ್ನರಿತ ಹುಡುಗ ಗಾರೆ ಕಲಸುವವನ ಕತೆ ಬರೆದರೆ ಅದರಲ್ಲಿ ಅವಸರ, ಅಂಜಿಕೆ ತಾವಾಗಿ ಬರುತ್ತವೆ. ಇತಿಹಾಸವು ಕತೆಗೆ ಹೊರೆಯಲ್ಲ, ಕತೆಯ ಬೆನ್ನೆಲುಬು ಎಂಬುದನ್ನು ಇಲ್ಲಿ ಕಾಣಬಹುದು.

ಪಾಠದ ಕ್ರಮ ಸುಲಭ. ಮೊದಲ ಹತ್ತು ನಿಮಿಷ ಮಾತಿಲ್ಲದೆ ನೋಡಿ, ಕಂಡದ್ದನ್ನಷ್ಟೇ ಪಟ್ಟಿ ಮಾಡುವುದು. ಮುಂದಿನ ಹತ್ತು ನಿಮಿಷ ಯಾರು, ಯಾವಾಗ, ಯಾವುದರಿಂದ, ಯಾರಿಗಾಗಿ ಮಾಡಿದರೆಂದು ಉಪಾಧ್ಯಾಯರು ತಿಳಿಸುವುದು. ಉಳಿದ ಹೊತ್ತು ಬರೆಯುವುದು. ಹೋಗಲಾಗದಿದ್ದರೆ ಒಳ್ಳೆಯ ಛಾಯಾಚಿತ್ರ ಸಾಕು. ತಿದ್ದುವಾಗ ಕಾಗುಣಿತದ ಜತೆಗೆ ಒಂದು ಪ್ರಶ್ನೆಯಿರಲಿ: ನೋಡದೆ ಬರೆಯಲಾಗದಂಥ ವಾಕ್ಯ ಇದರಲ್ಲಿ ಎಷ್ಟಿವೆ?

ಪರೀಕ್ಷೆಯ ಗಡಿಬಿಡಿಯಲ್ಲಿ ಇದಕ್ಕೆ ವೇಳೆಯೆಲ್ಲಿ ಎಂದು ಕೇಳುವಿರಿ. ಹದಿನೈದು ದಿನಕ್ಕೊಮ್ಮೆ ಬಾಯಿಪಾಠದ ಪ್ರಬಂಧವೊಂದನ್ನು ಬಿಟ್ಟರೆ ಸಾಕು. ಉಳ್ಳಾಲದಂಥ ಊರಿನಲ್ಲಿ ಇದಕ್ಕೆ ಇನ್ನೊಂದು ಬೆಲೆಯೂ ಇದೆ. ಅಲ್ಲಿ ದೇವಸ್ಥಾನ, ದರ್ಗಾ, ಇಗರ್ಜಿಗಳಿಗೆ ಹೋಗುವ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಜೈನ ಅರಸರ ಕಂಬವನ್ನೂ ಕ್ರೈಸ್ತರ ಗೋಡೆಯನ್ನೂ ಅವರೆಲ್ಲ ಸಾವಕಾಶವಾಗಿ ನೋಡಿ, ಅದನ್ನು ಮಾಡಿದವನ ಜಾಗದಲ್ಲಿ ನಿಂತು ಬರೆದರೆ, ನೆರೆಯವರದು ಅವರಿಗೆ ಪರಕೀಯವಾಗಿ ಉಳಿಯದು.

ಶಾಲೆ ಆರಂಭಿಸುವ ತನಕ ತಾವೇಕೆ ಕಾಯಬೇಕು? ಬರುವ ಭಾನುವಾರ ಮಗುವನ್ನು ಹತ್ತಿರದ ಒಂದು ಹಳೆಯ ಕೆತ್ತನೆಯ ಮುಂದೆ ನಿಲ್ಲಿಸಿರಿ. ರಾತ್ರಿ ಅದು ಬರೆದದ್ದನ್ನು ಓದಲಿ. ಮನೆಯಲ್ಲಿದ್ದವರು ಕಣ್ಣುಮುಚ್ಚಿ ಕೇಳಲಿ. ಕಾಣದೆ ಹೋದದ್ದು ಯಾವುದೆಂದು ಕೇಳಿ ತಿಳಿದು, ಮುಂದಿನ ವಾರ ಅದನ್ನು ನೋಡಲು ಮತ್ತೊಮ್ಮೆ ಕರೆದೊಯ್ಯಿರಿ.