ನಿಂತ ಕಾರಿನ ನಾಡಿ ಪರೀಕ್ಷೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ಸಂಕೋಚವೆನಿಸಿತು. ನಾನು ಸಾಹಿತಿಯಲ್ಲ, ಮೆಕ್ಯಾನಿಕ್ಕನೂ ಅಲ್ಲ. ಆದರೂ ಇದೇ ಶಾಲೆಯ ವಿಜ್ಞಾನದ ತರಗತಿಯಲ್ಲಿ ಕಲಿತ ಒಂದು ಮಾತು ಅರುವತ್ತರ ಅಂಚಿನಲ್ಲಿ ನನ್ನ ಕೈಹಿಡಿದ ಬಗೆಯನ್ನು ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ನಮ್ಮ ತಂದೆಯವರದೊಂದು ಅಂಬಾಸಡರ್ ಕಾರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ರೂಪುಗೊಂಡು, ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾಗುತ್ತಿದ್ದ ಗಾಡಿ, 1489 ಸಿ.ಸಿ. ಪೆಟ್ರೋಲ್ ಇಂಜಿನ್. ಸೆಟ್ಟೂರಿನ ಮಕ್ಕಳನ್ನು ಹತ್ತನೆಯ ತರಗತಿಯ ಪರೀಕ್ಷೆಗೆಂದು ಕಲ್ಯಾಣದುರ್ಗಕ್ಕೆ ತಂದೆಯವರು ಅದರಲ್ಲೇ ಕರೆದೊಯ್ಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಕಾರು ಶೇಂಗಾ ಮೂಟೆಗಳ ಪಕ್ಕದಲ್ಲಿ ಒಂಬತ್ತು ವರ್ಷ ನಿಂತಿತು. ಗುಜರಿಗೆ ಹಾಕೋಣವೆಂದು ನಾವು ಅಣ್ಣತಮ್ಮಂದಿರು ನಿಶ್ಚಯಿಸಿದಾಗ ತಾಯಿಯವರು ಒಪ್ಪಲಿಲ್ಲ. "ಒಮ್ಮೆ ಓಡಿಸಿ ನೋಡಿ, ಆಮೇಲೆ ಕೊಡಿ" ಎಂದರು.

ಬಹುಕಾಲ ನಿಂತ ಕಾರನ್ನು ಕಂಡೊಡನೆ ಸ್ಟಾರ್ಟ್ ಮಾಡಲು ಹೋಗಬಾರದು. ಮೊದಲು ಟ್ಯಾಂಕಿನ ಹಳೆಯ ಪೆಟ್ರೋಲನ್ನು ಪೂರ್ತಿ ಬಸಿಯಬೇಕು. ಅದರ ಹಗುರ ಅಂಶಗಳು ಆವಿಯಾಗಿ, ಉಳಿದದ್ದು ಅಂಟಾಗಿ, ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಇಂಜಿನ್ ಎಣ್ಣೆಯನ್ನು ಬದಲಿಸಿ, ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಸಿಲಿಂಡರುಗಳಿಗೆ ತುಸು ಎಣ್ಣೆ ಬಿಟ್ಟು, ಹ್ಯಾಂಡಲಿನಿಂದ ಕೈಯಲ್ಲೇ ತಿರುಗಿಸಬೇಕು. ಇಷ್ಟನ್ನೂ ನಾನು ಮಾಡಿದೆ. ಇಂಜಿನ್ ಹೊತ್ತಿಕೊಂಡಿತು, ಆದರೆ ಮಲೇರಿಯಾ ಬಂದವರಂತೆ ಗಡಗಡ ನಡುಗುತ್ತಿತ್ತು.

ಇಲ್ಲಿ ನಾನು ತಪ್ಪಿದೆ. ಆತುರದಿಂದ ಪ್ಲಗ್ಗು, ಕಾಂಟ್ಯಾಕ್ಟ್ ಪಾಯಿಂಟು, ಕಾಯಿಲ್ ಮೂರನ್ನೂ ಒಂದೇ ದಿನ ಬದಲಿಸಿದೆ. ನಡುಕ ನಿಲ್ಲಲಿಲ್ಲ. ಹಾಕಿದ ಹೊಸ ಸಾಮಾನಿನಲ್ಲೇ ದೋಷವೋ ಹಳೆಯದೇ ದೋಷವೋ ತಿಳಿಯದಾಯಿತು. ಬಂದು ನೋಡಿದ ಮೆಕ್ಯಾನಿಕ್ಕರೊಬ್ಬರು ಇಂಜಿನ್ನನ್ನೇ ಇಳಿಸಿ ಕಟ್ಟಬೇಕೆಂದು ಹೇಳಿದ ಖರ್ಚು ಕಾರಿನ ಬೆಲೆಯನ್ನೇ ಮೀರುತ್ತಿತ್ತು. ಆ ರಾತ್ರಿ ನಮ್ಮ ವಿಜ್ಞಾನದ ಮೇಷ್ಟ್ರು ನೆನಪಾದರು. "ಒಂದು ಪ್ರಯೋಗದಲ್ಲಿ ಒಂದನ್ನೇ ಬದಲಿಸು, ಉಳಿದುದನ್ನು ಇದ್ದಂತೆಯೇ ಇಡು" ಎಂದು ಅವರು ಹೇಳುತ್ತಿದ್ದರು.

ಮರುದಿನ ಮೊದಲಿನಿಂದ ತೊಡಗಿದೆ. ಕಾಂಟ್ಯಾಕ್ಟ್ ಪಾಯಿಂಟುಗಳ ಅಂತರ ಇಂಚಿನ ಸಾವಿರದ 15 ಭಾಗ, ಪ್ಲಗ್ಗಿನದು 25 ಭಾಗ, ಎರಡೂ ಸರಿಯಿದ್ದವು. ಕಿಡಿ ಹಾರುವ ಕ್ರಮ 1-3-4-2. ತಂತಿಗಳೂ ಅದರಂತೆಯೇ ಇದ್ದವು. ಬಳಿಕ ಇಂಜಿನ್ ಓಡುತ್ತಿರುವಾಗ, ರಬ್ಬರ್ ಹಿಡಿಯ ಇಕ್ಕಳದಿಂದ ಒಂದೊಂದೇ ಪ್ಲಗ್ಗಿನ ತಂತಿಯನ್ನು ಕಳಚಿದೆ. ಕಳಚಿದಾಗ ಇಂಜಿನ್ ಇನ್ನೂ ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿದೆಯೆಂದು ಅರ್ಥ. ವ್ಯತ್ಯಾಸವೇ ಆಗದಿದ್ದರೆ ಅದೇ ಸೋಮಾರಿ. ಮೂರನೆಯದನ್ನು ಕಳಚಿದಾಗ ಏನೂ ಆಗಲಿಲ್ಲ.

ಮೂರನೆಯದರ ಪ್ಲಗ್ಗನ್ನು ಎರಡನೆಯದಕ್ಕೆ ಹಾಕಿದೆ. ದೋಷ ಮೂರರಲ್ಲೇ ಉಳಿಯಿತು. ಅಂದಮೇಲೆ ಪ್ಲಗ್ಗು ನಿರಪರಾಧಿ. ತಂತಿಯನ್ನೂ ಬದಲಿಸಿ ನೋಡಿದೆ, ಅದೂ ನಿರಪರಾಧಿ. ಒತ್ತಡಮಾಪಕವನ್ನು ಎರವಲು ತಂದು ಅಳೆದಾಗ ಉಳಿದ ಮೂರರಲ್ಲಿ 120 ಪೌಂಡಿನ ಆಸುಪಾಸು, ಇದರಲ್ಲಿ 45 ಮಾತ್ರ. ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದೆ. ಆಗ ಒತ್ತಡ ಏರಿದರೆ ಪಿಸ್ಟನ್ ಉಂಗುರ ಸವೆದಿದೆಯೆಂದು ತಿಳಿಯಬೇಕು, ಏರಲಿಲ್ಲ. ಗ್ಯಾಸ್ಕೆಟ್ ನಡುವೆ ಒಡೆದಿದ್ದರೆ ಪಕ್ಕದ ಸಿಲಿಂಡರಿನಲ್ಲೂ ಒತ್ತಡ ಕುಸಿಯುತ್ತಿತ್ತು, ಅದೂ ಆಗಿರಲಿಲ್ಲ. ಉಳಿದದ್ದು ವಾಲ್ವ್.

ಮೇಲಿನ ಮುಚ್ಚಳ ತೆಗೆದು ಹ್ಯಾಂಡಲ್ ತಿರುಗಿಸಿದೆ. ಮೂರನೆಯ ಸಿಲಿಂಡರಿನ ಹೊಗೆಯ ವಾಲ್ವ್ ತುಕ್ಕು ಅಂಟುಗಳಿಗೆ ಸಿಕ್ಕಿ, ಪೂರ್ತಿ ಮುಚ್ಚದೆ ಅರ್ಧದಲ್ಲೇ ನಿಂತಿತ್ತು. ಅದರ ಕಾಂಡಕ್ಕೆ ಎರಡು ದಿನ ತೆಳುವಾದ ಎಣ್ಣೆ ತೊಟ್ಟಿಕ್ಕಿ, ಪಿಸ್ಟನ್ ಕೆಳಗಿರುವಂತೆ ನೋಡಿಕೊಂಡು, ಮರದ ತುಂಡಿನಿಂದ ಮೆಲ್ಲನೆ ತಟ್ಟಿದೆ. ಮೂರನೆಯ ದಿನ ಅದು ಸ್ಪ್ರಿಂಗಿನ ಬಲಕ್ಕೆ ಟಕ್ಕೆಂದು ಮೇಲೆದ್ದು ಮುಚ್ಚಿಕೊಂಡಿತು. ಖರ್ಚಾದದ್ದು ಒಂದು ಡಬ್ಬಿ ಎಣ್ಣೆ.

ಇನ್ನೊಂದು ಎಚ್ಚರಿಕೆಯ ಮಾತು. 2025ರ ವೇಳೆಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆಯತೊಡಗಿದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಆದ್ದರಿಂದ ಹಳೆಯ ಪೆಟ್ರೋಲ್ ಕೊಳವೆಗಳನ್ನು ಬದಲಿಸುವುದು ಲೇಸು. ಕಾರನ್ನು ಮತ್ತೆ ತಿಂಗಳುಗಟ್ಟಲೆ ನಿಲ್ಲಿಸದೆ ಆಗಾಗ ಓಡಿಸುವುದು ಇನ್ನೂ ಲೇಸು.

ಮುಂದಿನ ಭಾನುವಾರ ತಾಯಿಯವರು ಹಿಂದಿನ ಸೀಟಿನಲ್ಲಿ, ತಂದೆಯವರು ಬದುಕಿದ್ದಾಗ ಕೂರುತ್ತಿದ್ದ ಎಡಬದಿಯಲ್ಲೇ ಕುಳಿತು ಕಲ್ಯಾಣದುರ್ಗಕ್ಕೆ ಹೋಗಿಬಂದರು. ದಾರಿಯಲ್ಲಿ ಒಂದು ಮಾತನ್ನೂ ಆಡಲಿಲ್ಲ. ಗುಜರಿಯ ವಿಷಯವನ್ನು ಮನೆಯಲ್ಲಿ ಆಮೇಲೆ ಯಾರೂ ಎತ್ತಿಲ್ಲ.

ಆ ಮೇಷ್ಟ್ರು ಇಂದು ನಮ್ಮೊಡನಿಲ್ಲ. ಕನ್ನಡದಲ್ಲಿ ಅವರು ಹೇಳಿಕೊಟ್ಟ ವಿಜ್ಞಾನ ನನ್ನ ಕೈಯಲ್ಲಿ ಇನ್ನೂ ದುಡಿಯುತ್ತಿದೆ. ಅಂಥ ಪಾಠ ಇಲ್ಲಿ ನೂರರ ಹಬ್ಬದವರೆಗೂ, ಅದರಾಚೆಗೂ ನಡೆಯಲೆಂದು ಹಾರೈಸುತ್ತೇನೆ.