ನೂಡಲ್ಸ್, ಸೂಪರ್ ಗ್ಲೂ ಹಾಕಿದರೆ ಬಿರುಕು ಬಿಟ್ಟ ಶೆಲ್ಫ್ ಮೊದಲಿನಷ್ಟೇ ಗಟ್ಟಿಯಾಗುತ್ತದೆಯೇ?

ಪುಸ್ತಕದ ಶೆಲ್ಫ್‌ನ ಹಲಗೆಯಲ್ಲಿ ಬಿರುಕು. ಅದಕ್ಕೆ ಒಣ ನೂಡಲ್ಸ್ ಪುಡಿ ತುಂಬಿ, ಮೇಲೆ ಸೂಪರ್ ಗ್ಲೂ ಸುರಿದು, ಮರಳು ಕಾಗದದಿಂದ ಉಜ್ಜಿ ಬಣ್ಣ ಬಳಿದರೆ ಬಿರುಕೇ ಮಾಯ! ಇಂತಹ ವಿಡಿಯೋಗಳು ಕೆಲವು ವರ್ಷಗಳಿಂದ ವಾಟ್ಸಾಪ್, ರೀಲ್ಸ್‌ಗಳಲ್ಲಿ ಹರಿದಾಡುತ್ತಲೇ ಇವೆ. ನೂಡಲ್ಸ್ ಬದಲು ಅಡುಗೆ ಸೋಡಾ ಹಾಕುವ ಇನ್ನೊಂದು ಆವೃತ್ತಿಯೂ ಇದೆ. ಬಡಗಿಯ ಖರ್ಚಿಲ್ಲದೆ ಪೀಠೋಪಕರಣ ಹೊಸದರಂತೆ ಆಗುತ್ತದೆ ಎಂಬುದು ಇವುಗಳ ಒಟ್ಟು ಸಾರ.

ಇದು ಅರ್ಧ ನಿಜ. ಬಿರುಕು ಕಣ್ಣಿಗೆ ಕಾಣದಂತಾಗುವುದು ಹೌದು. ಆದರೆ ಹಲಗೆಗೆ ಮೊದಲಿನ ಶಕ್ತಿ ಬರುತ್ತದೆ ಎನ್ನುವುದು ತಪ್ಪು. ಮುಚ್ಚಿಹೋದ ಬಿರುಕು ತೆರೆದ ಬಿರುಕಿಗಿಂತ ಅಪಾಯಕಾರಿ ಎಂದೇ ನಾವು ಹೇಳುತ್ತೇವೆ. ಏಕೆಂದರೆ ಅದರ ಮೇಲೆ ಮತ್ತೆ ಭಾರ ಇಡಲು ಯಾರೂ ಹಿಂಜರಿಯುವುದಿಲ್ಲ.

ಹಲಗೆಯ ಒಳಗೆ ಏನಿದೆ?

ಡಬ್ಬದಲ್ಲಿ ಬಿಡಿಬಿಡಿಯಾಗಿ ಬಂದು ನಾವೇ ಜೋಡಿಸಿಕೊಳ್ಳುವ ಶೆಲ್ಫ್‌ಗಳಲ್ಲಿ ಹೆಚ್ಚಿನವು ಪಾರ್ಟಿಕಲ್ ಬೋರ್ಡ್‌ನವು. ಮರದ ಚೂರುಗಳಿಗೆ ರಾಳದ ಅಂಟು ಬೆರೆಸಿ, ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ ಇದು. ಕಡಲೆ ಚಿಕ್ಕಿಯನ್ನು ನೆನಪಿಸಿಕೊಳ್ಳಿ. ಬೆಲ್ಲ ಹಿಡಿದಿರುವಷ್ಟು ಹೊತ್ತು ಗಟ್ಟಿ, ಬಗ್ಗಿಸಿದರೆ ಲಟಕ್ಕನೆ ಎರಡು ತುಂಡು. ನಿಜವಾದ ಮರದಲ್ಲಿ ಈ ತುದಿಯಿಂದ ಆ ತುದಿಗೆ ಓಡುವ ನಾರುಗಳಿರುತ್ತವೆ, ಇದರಲ್ಲಿ ಇಲ್ಲ. ಜೊತೆಗೆ ಹಲಗೆಯ ಎರಡು ಮೈಗಳು ಒತ್ತಾಗಿದ್ದು ನಡುಭಾಗ ಸಡಿಲವಾಗಿರುತ್ತದೆ. ಅಂಚಿನಿಂದ ತಿರುಗಿಸಿದ ಸ್ಕ್ರೂ ಕೂರುವುದು ಆ ಸಡಿಲ ಭಾಗದಲ್ಲೇ.

ಪುಸ್ತಕಗಳ ಭಾರ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು. ಒತ್ತಾಗಿ ಜೋಡಿಸಿದರೆ ಒಂದು ಅಡಿ ಉದ್ದಕ್ಕೆ ಸುಮಾರು 10 ಕೆಜಿ ಆಗಬಹುದು. 80 ಸೆಂ.ಮೀ. ಅಗಲದ ಒಂದು ಸಾಲು ಎಂದರೆ 25 ಕೆಜಿಯ ಅಕ್ಕಿ ಮೂಟೆ, ಅದೂ ವರ್ಷವಿಡೀ ಇಳಿಸದೆ. ಆಗ ಹಲಗೆ ಬಾಗುತ್ತದೆ. ಮೇಲ್ಮೈ ಒತ್ತಿಹೋಗುತ್ತದೆ, ಕೆಳಮೈ ಎಳೆದುಕೊಳ್ಳುತ್ತದೆ. ಬಿರುಕು ಬಾಯಿ ಬಿಡುವುದು ಕೆಳಗಿನಿಂದ. ವಿಡಿಯೋದವರು ಅಂಟು ಸುರಿಯುವುದು ಮೇಲಿನಿಂದ!

ಸೂಪರ್ ಗ್ಲೂ ಮಾಡುವುದೇನು?

ನಮ್ಮಲ್ಲಿ ಫೆವಿಕ್ವಿಕ್ ಎಂದೇ ಹೆಸರಾದ ಈ ಅಂಟು ಸೈನೊಆಕ್ರಿಲೇಟ್. ಅಮೆರಿಕದ ಕೊಡಾಕ್ ಕಂಪನಿಯ ಹ್ಯಾರಿ ಕೂವರ್ 1942ರಲ್ಲಿ ಬಂದೂಕಿನ ಗುರಿ ನೋಡುವ ಭಾಗಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಈ ವಸ್ತು ಸಿಕ್ಕಿತು. ಎಲ್ಲಕ್ಕೂ ಅಂಟಿಕೊಳ್ಳುತ್ತದೆ ಎಂಬ ಕಾರಣಕ್ಕೇ ಆಗ ಅದನ್ನು ಬದಿಗಿಟ್ಟರು. ಗಾಳಿಯಲ್ಲಿರುವ ತೇವ ತಾಗಿದರೆ ಸಾಕು, ಇದು ಗಟ್ಟಿಯಾಗುತ್ತದೆ. ಅಡುಗೆ ಸೋಡಾ ಕ್ಷಾರೀಯವಾದ್ದರಿಂದ ಈ ಕ್ರಿಯೆ ಕ್ಷಣಾರ್ಧದಲ್ಲಿ ಮುಗಿದು ಕಲ್ಲಿನಂತಹ ಗಂಟು ಸಿಗುತ್ತದೆ. ನೂಡಲ್ಸ್ ಕೂಡ ಬರೀ ಜಾಗ ತುಂಬುವ ಸಾಮಗ್ರಿ, ಅದಕ್ಕೆ ಬೇರೆ ಮಹಿಮೆ ಏನಿಲ್ಲ.

ಆ ಗಂಟು ಗಟ್ಟಿ, ಆದರೆ ಪೆಡಸು. ಅದು ಹಿಡಿದಿರುವುದು ಬಿರುಕಿನ ಅಂಚಿನ ಸಡಿಲ ಚೂರುಗಳನ್ನು. ಭಾರ ಬಿದ್ದಾಗ ಗಂಟು ಒಡೆಯದಿದ್ದರೂ ಅದರ ಪಕ್ಕದಲ್ಲೇ ಹಲಗೆ ಬಿರಿಯಬಹುದು. ಇನ್ನೊಂದು ವಿಷಯವನ್ನು ವಿಡಿಯೋಗಳು ಹೇಳುವುದಿಲ್ಲ. ಸೋಡಾ ಬೆರೆಸಿದಾಗ ಬಿಸಿಯೂ, ಕಣ್ಣು ಮೂಗು ಉರಿಸುವ ಹೊಗೆಯೂ ಏಳುತ್ತವೆ. ಹತ್ತಿಬಟ್ಟೆಯ ಮೇಲೆ ಈ ಅಂಟು ಹೆಚ್ಚು ಚೆಲ್ಲಿದರೆ ಚರ್ಮ ಸುಡುವಷ್ಟು ಕಾಯಬಲ್ಲದು. ಹಾಗಾಗಿ ಹತ್ತಿಯಿಂದ ಒರೆಸಲು ಹೋಗಬೇಡಿ.

ಬಿರುಕು ಎಲ್ಲಿದೆ ನೋಡಿ

ಬಾಗಿಲಿನ ಮೂಲೆ ಚಕ್ಕೆ ಎದ್ದಿದ್ದರೆ ನೂಡಲ್ಸ್ ಆದರೂ ಹಾಕಿ, ನಮ್ಮ ತಕರಾರಿಲ್ಲ. ಅಂಗಡಿಯಲ್ಲಿ ಸಿಗುವ ವುಡ್ ಪುಟ್ಟಿ ಇನ್ನೂ ಸುಲಭ. ಭಾರ ಹೊರುವ ಅಡ್ಡ ಹಲಗೆ ಮತ್ತು ಸ್ಕ್ರೂ ಕೂರುವ ಪಕ್ಕದ ಹಲಗೆಯ ಕಥೆ ಬೇರೆ.

ಅಡ್ಡ ಹಲಗೆ ಪೂರ್ತಿ ಸೀಳಿದ್ದರೆ ರಿಪೇರಿ ಮಾಡದೆ ಬದಲಾಯಿಸಿ. ಅದೇ ಅಳತೆಗೆ 18 ಮಿ.ಮೀ. ಪ್ಲೈವುಡ್ ಕತ್ತರಿಸಿಕೊಡುವ ಅಂಗಡಿಗಳಿವೆ. ಪದರಗಳ ನಾರು ಒಂದಕ್ಕೊಂದು ಅಡ್ಡಡ್ಡ ಇರುವುದರಿಂದ ಅದು ಹಳೆಯದಕ್ಕಿಂತ ಗಟ್ಟಿ. ಸಣ್ಣ ಬಿರುಕಾದರೆ ಭಾರ ಇಳಿಸಿ, ಹಲಗೆ ಬಿಚ್ಚಿ, ಬಿರುಕನ್ನು ತುಸು ಅಗಲಿಸಿ ಮರದ ಅಂಟು, ಅಂದರೆ ಸಾಮಾನ್ಯ ಬಿಳಿ ಫೆವಿಕಾಲ್, ಒಳಗೆ ಇಳಿಸಿ. ಕ್ಲ್ಯಾಂಪ್ ಹಾಕಿ ಒಂದು ದಿನ ಮುಟ್ಟಬೇಡಿ. ಬಳಿಕ ಮುಂದಿನ ಅಂಚಿನ ಕೆಳಗೆ, ಈ ತುದಿಯಿಂದ ಆ ತುದಿಗೆ, ಒಂದು ಮರದ ಪಟ್ಟಿ ಕೂರಿಸಿ. ಪಟ್ಟಿಯನ್ನು ಮಲಗಿಸದೆ ನಿಲ್ಲಿಸಬೇಕು. ಶಾಲೆಯ ಸ್ಕೇಲ್ ಮಲಗಿಸಿ ಒತ್ತಿದರೆ ಬಾಗುತ್ತದೆ, ಅಂಚಿನ ಮೇಲೆ ನಿಲ್ಲಿಸಿ ಒತ್ತಿದರೆ ಬಾಗುವುದಿಲ್ಲವಲ್ಲ, ಅದೇ ಲೆಕ್ಕ. ನುಣುಪಾದ ಮೇಲ್ಪದರಕ್ಕೆ ಈ ಅಂಟು ಹಿಡಿಯದ ಕಾರಣ, ಮೊದಲು ಸಣ್ಣ ತೂತು ಕೊರೆದು ಸ್ಕ್ರೂ ಹಾಕುವುದು ಅಗತ್ಯ.

ಸ್ಕ್ರೂ ತೂತೇ ಹಿಗ್ಗಿದ್ದರೆ ಅದನ್ನು ಇನ್ನಷ್ಟು ಕೊರೆದು, ಅಂಟು ಹಚ್ಚಿದ ಮರದ ಗೂಟ ಬಡಿದು, ಒಣಗಿದ ಮೇಲೆ ಹೊಸ ತೂತು ಮಾಡಬೇಕು. ಮಳೆನೀರು ಕುಡಿದು ಉಬ್ಬಿದ ಹಲಗೆಗೆ ಮಾತ್ರ ಉಪಾಯವಿಲ್ಲ. ಒತ್ತಿಟ್ಟ ಚೂರುಗಳು ಒಮ್ಮೆ ಹಿಗ್ಗಿದರೆ ಒಣಗಿದರೂ ಹಿಂದಿನ ಅಳತೆಗೆ ಮರಳುವುದಿಲ್ಲ. ಕರಾವಳಿ, ಮಲೆನಾಡಿನವರಿಗೆ ಇದನ್ನು ಹೇಳಬೇಕಿಲ್ಲ.

ಮಕ್ಕಳಿರುವ ಮನೆಯಲ್ಲಿ

2016ರ ಜೂನ್‌ನಲ್ಲಿ ಐಕಿಯಾ ಕಂಪನಿ ಅಮೆರಿಕದಲ್ಲಿ ಸುಮಾರು 2.9 ಕೋಟಿ ಡ್ರಾಯರ್ ಬೀರುಗಳನ್ನು ಹಿಂಪಡೆಯಬೇಕಾಯಿತು. ಗೋಡೆಗೆ ಬಿಗಿಯದಿದ್ದರೆ ಅವು ಮುಂದಕ್ಕೆ ಮಗುಚುವಂತಿದ್ದವು, ಮಕ್ಕಳು ಸತ್ತಿದ್ದರು. 2022ರ ಕೊನೆಗೆ ಅಲ್ಲಿ ಇದಕ್ಕೆಂದೇ ಕಾನೂನು ಬಂತು. ಇಲ್ಲಿ ಗಮನಿಸಬೇಕಾದ್ದು, ಮಗುಚಲು ಬೀರು ಮುರಿದಿರಬೇಕೆಂದೇನಿಲ್ಲ. ಇನ್ನು ಕೀಲು ಸಡಿಲವಾದ, ಹಿಂಬದಿಯ ತೆಳು ಹಲಗೆ ಕಿತ್ತುಬಂದ ಶೆಲ್ಫ್ ಪಕ್ಕಕ್ಕೂ ವಾಲುತ್ತದೆ. ಆ ತೆಳು ಹಲಗೆ ಅಲಂಕಾರಕ್ಕಲ್ಲ, ಇಡೀ ಚೌಕಟ್ಟನ್ನು ನೇರ ನಿಲ್ಲಿಸುವುದೇ ಅದು. ಕಿತ್ತಿದ್ದರೆ ಮೊದಲು ಅದನ್ನು ಮೊಳೆ ಹೊಡೆದು ಕೂರಿಸಿ.

ಎತ್ತರದ ಶೆಲ್ಫ್ ಆದರೆ ಮೇಲ್ತುದಿಯನ್ನು ಎಲ್ ಆಕಾರದ ಪಟ್ಟಿಯಿಂದ ಗೋಡೆಗೆ ಬಿಗಿಯಿರಿ. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯಲು ಮಾಲೀಕರು ಬಿಡುವುದಿಲ್ಲ ಎಂಬ ಮಾತು ನಮಗೂ ಗೊತ್ತು. ಎರಡು ತೂತು, ಖಾಲಿ ಮಾಡುವಾಗ ಪುಟ್ಟಿ ತುಂಬಿ ಕೊಡುತ್ತೇವೆ ಎಂದು ಕೇಳಿ ನೋಡಿ. ಅಲ್ಲಿಯವರೆಗೆ ಭಾರದ ಪುಸ್ತಕಗಳೆಲ್ಲ ಕೆಳಗಿನ ಖಾನೆಗೆ.

ಬದಲಾಯಿಸಿದ ಹಳೆಯ ಹಲಗೆಯನ್ನು ಮರವೇ ತಾನೆ ಎಂದು ಬಚ್ಚಲ ಒಲೆಗೆ ಹಾಕಬೇಡಿ. ಅದರಲ್ಲಿರುವ ರಾಳ, ಪ್ಲಾಸ್ಟಿಕ್ ಅಂಚು ಸುಟ್ಟ ಹೊಗೆ ವಿಷಕಾರಿ.